ಬೀಗದಕೈಯ ಹೊಣೆ

ಒಬ್ಬನು ತಾನಾಗಿ, ಯಾರ ಬಲಾತ್ಕಾರವೂ ಇಲ್ಲದೆ, ಪ್ರತಿಫಲವನ್ನು ಅಪೇಕ್ಷಿಸದೆ, ಲೋಕಕ್ಕೆ ಒಂದು ಉಪಕಾರವನ್ನು ಮಾಡಿದನೆಂದು ಇಟ್ಟುಕೊಳ್ಳೋಣ. ಆ ಉಪಕಾರವನ್ನು ಅವನು ಮುಂದೆಯೂ ಮಾಡುತ್ತಲೇ ಇರಬೇಕೆ? ನಿಲ್ಲಿಸಿದರೆ ಅವನಿಗೆ ದೋಷವುಂಟೆ? ಬೇಸಗೆಯಲ್ಲಿ ದಾರಿಗರಿಗೆಂದು ಅರವಟ್ಟಿಗೆಯನ್ನಿಟ್ಟವನು ಮಳೆ ಬಿದ್ದ ಮೇಲೆ ಮಡಕೆಗಳನ್ನು ಎತ್ತಿಕೊಂಡು ಮನೆಗೆ ಹೋದರೆ ಯಾರೂ ಅವನನ್ನು ನಿಂದಿಸುವುದಿಲ್ಲ. ಆದರೆ ಆ ಅರವಟ್ಟಿಗೆಯ ನೀರನ್ನೇ ನಂಬಿ ಅದರ ಸುತ್ತ ಒಂದು ಊರು ಬೆಳೆದುಬಿಟ್ಟಿದ್ದರೆ? ಊರವರು ಬೇರೆ ಬಾವಿಯನ್ನು ತೋಡದೆ, ಮಡಕೆಗೆ ನೀರು ತುಂಬುವವನಾರೆಂಬುದನ್ನೂ ಕೇಳದೆ, ಬೆಳಗಾದರೆ ಬಿಂದಿಗೆ ಹಿಡಿದು ಬಂದು ನಿಲ್ಲುತ್ತಿದ್ದರೆ? ಆಗ ಮಡಕೆಯನ್ನು ಎತ್ತಿಕೊಂಡು ಹೋಗುವುದು ಅಷ್ಟು ಸುಲಭವಾಗಿ ತೋರುವುದಿಲ್ಲ.

ಈ ಪ್ರಶ್ನೆ ತರ್ಕವಿನೋದಕ್ಕಾಗಿ ಹುಟ್ಟಿಸಿದುದಲ್ಲ. ನಮ್ಮ ಕಾಲದಲ್ಲಿ ಇಂತಹ ಅರವಟ್ಟಿಗೆಗಳು ಸಾವಿರಾರು ಇವೆ. ಅವುಗಳ ಸುತ್ತ ಊರುಗಳೇನು, ರಾಜ್ಯಗಳೇ ಬೆಳೆದಿವೆ. ಮುಕ್ತ ತಂತ್ರಾಂಶವೆಂದು ಕರೆಯುವ ವಸ್ತುವನ್ನು ಕುರಿತು ಹೇಳುತ್ತಿದ್ದೇನೆ. ಗಣಕಯಂತ್ರವನ್ನು ನಡೆಸುವ ವಿಧಿವಾಕ್ಯಗಳ ಸಮೂಹವೇ ತಂತ್ರಾಂಶ. ಬರೆದವರು ಅದರ ಮೂಲಪಾಠವನ್ನು ಗುಟ್ಟಾಗಿ ಇಟ್ಟುಕೊಳ್ಳದೆ, ಯಾರು ಬೇಕಾದರೂ ಓದಲಿ, ಬಳಸಲಿ, ತಿದ್ದಲಿ, ತಿದ್ದಿದುದನ್ನು ಹಂಚಲಿ ಎಂದು ಲಿಖಿತವಾಗಿ ಅನುಮತಿ ಕೊಟ್ಟಿದ್ದರೆ ಅದು ಮುಕ್ತವಾದುದು. ಇದು ಯಾವುದೋ ದೂರದೇಶದ ಯಂತ್ರಶಾಲೆಯ ವಿಷಯವೆಂದು ವಾಚಕರು ಭಾವಿಸಬೇಕಾಗಿಲ್ಲ. ಆಂಡ್ರಾಯ್ಡ್ ಮೊಬೈಲಿನಲ್ಲಿ ‘ಸ್ತ್ರೀ’ ಎಂಬ ಅಕ್ಷರವು ಒತ್ತುಗಳೆಲ್ಲ ತಮ್ಮ ತಮ್ಮ ಸ್ಥಾನದಲ್ಲಿ ಕುಳಿತು ಸರಿಯಾಗಿ ಮೂಡುತ್ತಿದ್ದರೆ, ಅದು ಹಾರ್ಫ್‌ಬಜ್ ಎಂಬ ಇಂತಹ ಒಂದು ಮುಕ್ತ ತಂತ್ರಾಂಶದ ಕೆಲಸ. ದಿನಕ್ಕೆ ನೂರು ಸಲ ಅದರಿಂದ ಉಪಕೃತರಾಗುವ ಕನ್ನಡಿಗರಲ್ಲಿ ಆ ಹೆಸರನ್ನು ಕೇಳಿದವರು ಎಷ್ಟು ಮಂದಿ ಇದ್ದಾರು?

ತಂತ್ರಾಂಶಕ್ಕೆ ತುಕ್ಕು ಹಿಡಿಯುವುದಿಲ್ಲ, ಗೆದ್ದಲು ಹತ್ತುವುದಿಲ್ಲ. ಹಾಗಾದರೆ ಅದಕ್ಕೆ ಪಾಲನೆ ಏತಕ್ಕೆ ಎಂದು ಕೇಳಬಹುದು. ಅದು ಇದ್ದ ಹಾಗೆಯೇ ಇರುತ್ತದೆ, ಸರಿಯೆ; ಆದರೆ ಅದರ ಸುತ್ತಣ ಪ್ರಪಂಚ ಇದ್ದ ಹಾಗೆ ಇರುವುದಿಲ್ಲ. ಹೊಸ ಯಂತ್ರಗಳು ಬರುತ್ತವೆ, ಹೊಸ ಕಳ್ಳರು ಬರುತ್ತಾರೆ, ಹಿಂದೆ ಕಾಣದಿದ್ದ ತಪ್ಪುಗಳು ಕಾಣುತ್ತವೆ. ಬಂದ ದೂರುಗಳನ್ನು ಓದಿ ನಿಜವನ್ನೂ ಸುಳ್ಳನ್ನೂ ಬೇರ್ಪಡಿಸಬೇಕು. ಅಪರಿಚಿತರು ಕಳುಹಿಸಿದ ತಿದ್ದುಪಡಿಗಳನ್ನು ಸಾಲು ಸಾಲಾಗಿ ಪರೀಕ್ಷಿಸಬೇಕು. ಕಾಲಕಾಲಕ್ಕೆ ಹೊಸ ಆವೃತ್ತಿಯನ್ನು ಹೊರಡಿಸಬೇಕು. ಇದನ್ನು ಮಾಡುವವನನ್ನು ಇಂಗ್ಲಿಷಿನಲ್ಲಿ ಮೇಂಟೇನರ್ ಎನ್ನುತ್ತಾರೆ, ನಾವು ಪಾಲಕನೆನ್ನೋಣ. ಮೊದಲು ಬರೆಯುವಾಗ ಇದ್ದ ಉಲ್ಲಾಸ ಈ ಕೆಲಸದಲ್ಲಿ ಇಲ್ಲ. ಕಾವ್ಯವನ್ನು ರಚಿಸುವುದಕ್ಕೂ ಅದರ ಕರಡಚ್ಚನ್ನು ಹತ್ತನೆಯ ಸಲ ತಿದ್ದುವುದಕ್ಕೂ ಇರುವಷ್ಟು ಅಂತರ ಇಲ್ಲಿಯೂ ಉಂಟು. ಎಷ್ಟೋ ಕಡೆ ಇದಕ್ಕೆ ಸಂಬಳವಿಲ್ಲ. ಹಗಲೆಲ್ಲ ಹೊಟ್ಟೆಪಾಡಿನ ಕೆಲಸ ಮುಗಿಸಿ ರಾತ್ರಿ ಕುಳಿತು ಮಾಡತಕ್ಕದ್ದು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ನ್ಯಾಯಶಾಸ್ತ್ರದ ಉತ್ತರ ಸರಳವಾಗಿದೆ. ಮುಕ್ತ ತಂತ್ರಾಂಶದ ಅನುಮತಿಪತ್ರಗಳಲ್ಲಿ ಸಾಮಾನ್ಯವಾಗಿ ಒಂದು ವಾಕ್ಯವಿರುತ್ತದೆ: ಇದನ್ನು ಇದ್ದ ಹಾಗೆ ಕೊಟ್ಟಿದೆ, ಇದರಿಂದ ಆದ ನಷ್ಟಕ್ಕೆ ಕೊಟ್ಟವರು ಹೊಣೆಯಲ್ಲ ಎಂಬುದು ಅದರ ತಾತ್ಪರ್ಯ. ಹೀಗಿರಲಾಗಿ ಪಾಲಕನು ನಾಳೆ ಬೆಳಗ್ಗೆ ಎದ್ದು ಹೋದರೂ ಯಾವ ನ್ಯಾಯಸ್ಥಾನವೂ ಅವನನ್ನು ಕರೆಸಲಾರದು. ಧರ್ಮದ ದೃಷ್ಟಿಯಲ್ಲಿಯೂ ಬಹುಮಟ್ಟಿಗೆ ಇದೇ ಸರಿಯೆಂದು ನನಗೆ ತೋರುತ್ತದೆ. ಕೊಡುಗೆಯು ಕೊಟ್ಟವನ ಕೊರಳಿಗೆ ಉರುಳಾಗುವುದಾದರೆ ಯಾರು ತಾನೆ ಕೊಟ್ಟಾರು?

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಮೂಲಪಾಠವನ್ನು ಎಲ್ಲರಿಗೂ ಕೊಟ್ಟದ್ದಾಯಿತು. ಯಾರು ಬೇಕಾದರೂ ಅದರ ಪ್ರತಿಯನ್ನು ತೆಗೆದುಕೊಂಡು ಬೇರೆ ಹೆಸರಿನಲ್ಲಿ ಹೊಸ ಕವಲನ್ನು ಹೊರಡಿಸಬಹುದು. ಕೊಡದೆ ಉಳಿಸಿಕೊಂಡಿರುವ ವಸ್ತು ಒಂದೇ: ಹಳೆಯ ಹೆಸರಿನಲ್ಲಿ ಹೊಸ ಆವೃತ್ತಿಯನ್ನು ಹೊರಡಿಸುವ ಅಧಿಕಾರ. ಇದೇ ಬೀಗದಕೈ. ಜನ ನಂಬಿರುವುದು ಮೂಲಪಾಠವನ್ನಲ್ಲ, ಅದನ್ನು ಓದಿದವರು ಅತಿ ವಿರಳ. ಅವರು ನಂಬಿರುವುದು ಹೆಸರನ್ನು. ಬೇರೆ ಬಾವಿಯನ್ನು ತೋಡಲು ಅಡ್ಡಿಯಿಲ್ಲವೆಂದರೂ ದಾರಿಗಳೆಲ್ಲ ಹಳೆಯ ಬಾವಿಗೇ ಹೋಗುತ್ತವೆ. ಆದ್ದರಿಂದ ಪಾಲಕನಿಗೆ ಋಣವುಂಟಾಗುವುದು ಕೊಟ್ಟದ್ದರಿಂದಲ್ಲ, ಇಟ್ಟುಕೊಂಡಿರುವುದರಿಂದ. ಬೀಗದಕೈಯನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡಿರುವಷ್ಟು ಕಾಲ ಅವನು ಬಾಗಿಲಿಗೆ ಹೊಣೆ. ಬೇಡವೆನಿಸಿದರೆ ಏಳಬಹುದು, ಆದರೆ ಎದ್ದೆನೆಂದು ಹೇಳಿ ಏಳಬೇಕು, ಮತ್ತು ಕೈಯನ್ನು ಯಾರ ಕೈಗೆ ಕೊಟ್ಟೆನೆಂಬುದನ್ನು ನೋಡಿ ಕೊಡಬೇಕು.

ಹೇಳುವುದು ಸುಲಭ. ಕೊಡುವುದು ಎಷ್ಟು ಕಷ್ಟವೆಂಬುದನ್ನು ೨೦೨೪ರಲ್ಲಿ ಲೋಕವೆಲ್ಲ ಕಂಡಿತು.

ಎಕ್ಸ್‌ಝಡ್ ಎಂಬ ಒಂದು ತಂತ್ರಾಂಶವಿದೆ. ದೊಡ್ಡ ಕಡತಗಳನ್ನು ಒತ್ತಿ ಕಿರಿದುಮಾಡುವುದು ಅದರ ಕೆಲಸ. ಲಿನಕ್ಸ್ ವ್ಯವಸ್ಥೆಯಿಂದ ನಡೆಯುವ ಗಣಕಗಳಲ್ಲಿ ಅದು ಇಲ್ಲದ್ದು ಅಪರೂಪ. ಬ್ಯಾಂಕುಗಳ, ಸರಕಾರಗಳ, ವಿಶ್ವವಿದ್ಯಾಲಯಗಳ ಯಂತ್ರಗಳೆಲ್ಲ ಇದರಲ್ಲಿ ಸೇರಿದುವು. ಇಷ್ಟನ್ನು ಫಿನ್ಲೆಂಡಿನ ಒಬ್ಬ ಗೃಹಸ್ಥನು ಬಹುಕಾಲದಿಂದ ಹೆಚ್ಚುಕಡಮೆ ಒಬ್ಬನೇ ನೋಡಿಕೊಂಡು ಬಂದಿದ್ದನು. ೨೦೨೧ರ ಕೊನೆಯಲ್ಲಿ ಜಿಯಾ ಟಾನ್ ಎಂಬ ಹೆಸರಿನ ಒಬ್ಬ ಸಹಾಯಕನು ಕಾಣಿಸಿಕೊಂಡು ಸಣ್ಣಪುಟ್ಟ ತಿದ್ದುಪಡಿಗಳನ್ನು ಕಳುಹಿಸತೊಡಗಿದನು. ಒಳ್ಳೆಯ ಕೆಲಸವೇ. ಮರುವರ್ಷ ಬೇರೆ ಬೇರೆ ಹೆಸರಿನವರು ಕೆಲವರು ಪಾಲಕನಿಗೆ ಓಲೆ ಬರೆಯಲಾರಂಭಿಸಿದರು: ಕೆಲಸ ತೀರ ನಿಧಾನವಾಗುತ್ತಿದೆ, ತಿದ್ದುಪಡಿಗಳು ಕೊಳೆಯುತ್ತಿವೆ, ನಿನ್ನಿಂದ ಆಗದಿದ್ದರೆ ಇನ್ನೊಬ್ಬರಿಗೆ ವಹಿಸಬಾರದೆ ಎಂಬ ಧಾಟಿ. ಪಾಲಕನು ವಿನಯದಿಂದಲೇ ಉತ್ತರ ಕೊಟ್ಟನು. ತನಗೆ ಆಸಕ್ತಿ ತಪ್ಪಿಲ್ಲವೆಂದೂ, ಬಹುಕಾಲದ ಮಾನಸಿಕ ಅಸ್ವಾಸ್ಥ್ಯದಿಂದ ಶಕ್ತಿ ಕುಂದಿದೆಯೆಂದೂ, ಇದು ಸಂಬಳವಿಲ್ಲದ ಹವ್ಯಾಸವೆಂಬುದನ್ನು ನೆನೆಯಬೇಕೆಂದೂ, ಜಿಯಾ ಟಾನ್ ಮುಂದೆ ಹೆಚ್ಚಿನ ಹೊಣೆ ಹೊರಬಹುದೆಂದೂ ಅವನು ಬರೆದುದು ಇಂದಿಗೂ ಬಹಿರಂಗವಾಗಿ ಓದಲು ಸಿಕ್ಕುತ್ತದೆ. ಓದಿದವರ ಮನಸ್ಸು ಕಲಕದಿರದು.

೨೦೨೩ರ ವೇಳೆಗೆ ಸಹಾಯಕನು ಸಹಪಾಲಕನಾದನು. ಬೀಗದಕೈ ಅವನ ಕೈಗೂ ಬಂದಿತು. ೨೦೨೪ರ ಫೆಬ್ರುವರಿಯಲ್ಲಿ ಅವನು ಹೊರಡಿಸಿದ ೫.೬.೦ನೆಯ ಆವೃತ್ತಿಯಲ್ಲಿ, ಪರೀಕ್ಷೆಗೆಂದು ಇಟ್ಟ ಕಡತಗಳ ಮರೆಯಲ್ಲಿ, ಒಂದು ಕಳ್ಳಬಾಗಿಲು ಅಡಗಿತ್ತು. ಗುಪ್ತವಾದ ಒಂದು ಸಂಕೇತ ತಿಳಿದವನು ದೂರದಲ್ಲಿ ಕುಳಿತು ಪರರ ಯಂತ್ರವನ್ನು ಹೊಕ್ಕು ತನಗೆ ಬೇಕಾದ ಆಜ್ಞೆಯನ್ನು ನಡೆಸುವುದಕ್ಕೆ ಅದು ದಾರಿ. ಆಂದ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು ಬೇರಾವುದೋ ಪರೀಕ್ಷೆಯಲ್ಲಿ ತೊಡಗಿದ್ದಾಗ, ಯಂತ್ರವನ್ನು ಪ್ರವೇಶಿಸುವ ಕೆಲಸ ಎಂದಿಗಿಂತ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿರುವುದನ್ನು ಗಮನಿಸಿ, ಏಕೆಂದು ಬೆನ್ನುಹತ್ತಿ, ಮಾರ್ಚಿ ೨೯ರಂದು ಸಂಗತಿಯನ್ನು ಪ್ರಕಟಪಡಿಸಿದನು. ಕೇಡು ಬಹುಪಾಲು ಪರೀಕ್ಷಾರ್ಥ ಆವೃತ್ತಿಗಳಿಗೆ ಮಾತ್ರ ತಲಪಿದ್ದುದರಿಂದ ಅನಾಹುತ ತಪ್ಪಿತು. ಜಿಯಾ ಟಾನ್ ಎಂಬುದು ಒಬ್ಬನೋ ಒಂದು ಗುಂಪೋ ಲೋಕಕ್ಕೆ ತಿಳಿಯದು. ಹೆಸರು ಮಾತ್ರ ಅಂದಿನಿಂದ ಮೌನವಾಯಿತು. ಅವಸರಪಡಿಸಿ ಓಲೆ ಬರೆದವರೂ ಅದೇ ಕೂಟದ ಮುಖವಾಡಗಳೆಂದು ವಿಷಯಜ್ಞರ ಊಹೆ.

ಈ ಕಥೆಯಿಂದ ಸಾಮಾನ್ಯವಾಗಿ ತೆಗೆಯುವ ನೀತಿ, ಅಪರಿಚಿತರನ್ನು ನಂಬಬೇಡ ಎಂಬುದು. ನನಗೆ ಮುಖ್ಯವಾಗಿ ಕಂಡುದು ಬೇರೆ. ಆ ಮುಖವಾಡಗಳು ಏಕೆ ಒಪ್ಪಿದುವು? ನಿಜವಾದ ಬಳಕೆದಾರರೂ ಹಾಗೆಯೇ ಮಾತನಾಡುವುದರಿಂದ! ಕವಡೆಯನ್ನೂ ಕೊಡದೆ ಪಡೆದ ವಸ್ತುವಿನಲ್ಲಿ ಕೊರೆ ಕಂಡಕೂಡಲೆ ಕೊಟ್ಟವನನ್ನು ಗದರಿಸುವುದು ಆ ಲೋಕದಲ್ಲಿ ನಿತ್ಯದ ಮಾತು. ಆದ್ದರಿಂದಲೇ ಆ ಗದರಿಕೆ ಪಾಲಕನಿಗೆ ವಿಚಿತ್ರವಾಗಿ ತೋರಲಿಲ್ಲ. ಕಪಟಿಯು ಹೊಸ ವೇಷವನ್ನೇನೂ ಹೊಲಿಸಲಿಲ್ಲ. ನಮ್ಮ ಗೂಟದಲ್ಲಿ ತೂಗುಹಾಕಿದ್ದ ಅಂಗಿಯನ್ನೇ ತೊಟ್ಟುಕೊಂಡನು. ದಣಿದವನಿಗೆ ಒಬ್ಬರಾದರೂ ಪ್ರಾಮಾಣಿಕರು ಬಂದು, ನಿನ್ನ ಈ ತಿಂಗಳ ಕೆಲಸದಲ್ಲಿ ಬೇಸರದ ಭಾಗ ಯಾವುದು, ಅದನ್ನು ನನಗೆ ಕೊಡು ಎಂದು ಕೇಳಿದ್ದರೆ, ಕಪಟಿಯೊಬ್ಬನೇ ಸಹಾಯಕನಾಗಿ ಕಾಣುವ ಪ್ರಸಂಗ ಬರುತ್ತಿರಲಿಲ್ಲ.

ಕೇಳಿದವರಿಗೆ ಕೂಡಲೆ ಕೊಟ್ಟುಬಿಡುವುದೂ ಒಂದುಂಟು. ೨೦೧೮ರಲ್ಲಿ ಈವೆಂಟ್-ಸ್ಟ್ರೀಮ್ ಎಂಬ ಚಿಕ್ಕ ತಂತ್ರಾಂಶದ ಕರ್ತೃವು, ತಾನು ಅದನ್ನು ಬಳಸುವುದನ್ನೇ ಬಿಟ್ಟು ಬಹುಕಾಲವಾಗಿತ್ತಾದ್ದರಿಂದ, ಓಲೆ ಬರೆದು ಕೇಳಿದ ಒಬ್ಬ ಅಪರಿಚಿತನಿಗೆ ಅದನ್ನು ಒಪ್ಪಿಸಿದನು. ಕೆಲವೇ ವಾರಗಳಲ್ಲಿ ಅದರೊಳಗೆ ಬಿಟ್‌ಕಾಯಿನ್ ಹಣವನ್ನು ಕದಿಯುವ ಯುಕ್ತಿ ಸೇರಿಕೊಂಡಿತು. ಕರ್ತೃವನ್ನು ಜನ ಬೈದರು. ಅದರಿಂದ ತನಗೆ ಯಾವ ಲಾಭವೂ ಇರಲಿಲ್ಲವೆಂದು ಅವನು ಹೇಳಿದುದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಬೀಗದಕೈಯನ್ನು ಕೊಟ್ಟವನು ಅವನೇ.

ಈ ಎರಡು ಪ್ರಸಂಗಗಳಲ್ಲಿಯೂ ಹಂಚಿಕೆ ನಡೆದುದು ದಣಿವಿನ ಕೊನೆಯಲ್ಲಿ. ಹೊಣೆಯನ್ನು ಹಂಚುವುದೆಂದರೆ ಭಾರವನ್ನು ಇಳಿಸುವುದೆಂದು ನಾವು ತಿಳಿದಿದ್ದೇವೆ. ವಾಸ್ತವದಲ್ಲಿ ಮೊದಮೊದಲು ಅದು ಭಾರವನ್ನು ಹೆಚ್ಚಿಸತಕ್ಕದ್ದು. ಹೊಸಬನಿಗೆ ಕಲಿಸಬೇಕು, ಅವನು ಮಾಡಿದುದನ್ನು ನೋಡಬೇಕು, ತಾನೇ ಅರ್ಧ ಗಳಿಗೆಯಲ್ಲಿ ಮಾಡಬಹುದಾದುದನ್ನು ಅವನು ಎರಡು ದಿನದಲ್ಲಿ ಮಾಡುವುದನ್ನು ಸಹಿಸಬೇಕು. ಅಡಿಗೆಯ ಮನೆಯಲ್ಲಿ ಹಿರಿಯಳು ‘ಬಿಡು, ನಾನೇ ಮಾಡುತ್ತೇನೆ’ ಎಂದು ಸೌಟನ್ನು ಕಿತ್ತುಕೊಳ್ಳುವುದನ್ನು ನೋಡದವರಾರು? ಶಕ್ತಿಯಿದ್ದಾಗ ಹಂಚಲು ಮನಸ್ಸಿರುವುದಿಲ್ಲ. ಮನಸ್ಸು ಬಂದಾಗ ಶಕ್ತಿಯಿರುವುದಿಲ್ಲ. ಒಬ್ಬನೇ ಹೊತ್ತು ಸವೆಯುವುದನ್ನು ನಾವು ತ್ಯಾಗವೆಂದು ಹೊಗಳುತ್ತೇವೆ. ಅದರಲ್ಲಿ ತ್ಯಾಗ ಎಷ್ಟು, ತನ್ನ ಕೈಯೇ ಮೇಲೆಂಬ ಮಮತೆ ಎಷ್ಟು ಎಂಬುದನ್ನು ಅವನಲ್ಲದೆ ಇನ್ನಾರೂ ತೂಗಲಾರರು.

ಇದಕ್ಕೆ ವಿರುದ್ಧವಾದ ಇನ್ನೊಂದು ಕಪಟವೂ ಉಂಟು. ದೂರು ಓದುವುದು, ಕಸ ಗುಡಿಸುವುದು, ಸೂಚನಾಪತ್ರ ಬರೆಯುವುದು ಇವನ್ನೆಲ್ಲ ಹೊಸಬರಿಗೆ ಬಿಟ್ಟು, ತೀರ್ಮಾನದ ಅಧಿಕಾರವನ್ನು ಮಾತ್ರ ಹಳಬರು ಕೈಯಲ್ಲಿಟ್ಟುಕೊಳ್ಳುವುದು. ಇದಕ್ಕೆ ಹಂಚಿಕೆಯೆಂದು ಹೆಸರಿಡುವುದು ಶಬ್ದಕ್ಕೆ ಮಾಡುವ ಅಪಚಾರ. ಇದು ಕೂಲಿಯಿಲ್ಲದ ಚಾಕರಿ. ಹೊಣೆಯೂ ಅಧಿಕಾರವೂ ಒಟ್ಟೊಟ್ಟಿಗೆ, ಮೆಟ್ಟಿಲು ಮೆಟ್ಟಿಲಾಗಿ, ನಾಲ್ಕು ಜನ ನೋಡುತ್ತಿರುವಾಗ ಏರಬೇಕು.

ಈ ವಿಷಯದಲ್ಲಿ ನಮ್ಮ ಹಿಂದಿನವರ ಒಂದು ಪದ್ಧತಿ ನೆನಪಿಗೆ ಬರುತ್ತದೆ. ಕರ್ಣಾಟಕದ ಕೆರೆಗಳ ಶಾಸನಗಳಲ್ಲಿ ‘ಬಿತ್ತುವಟ್ಟ’ವೆಂಬ ಮಾತು ಬರುತ್ತದೆ, ಕೆರೆಯ ಪಾಲನೆಗೆಂದು ಬಿಟ್ಟ ಭೂಮಿ ಅಥವಾ ಉತ್ಪತ್ತಿಯ ಭಾಗ ಅದು. ಏರಿಯನ್ನು ಕಟ್ಟಿಸಿದ ಪುಣ್ಯವನ್ನು ಕಲ್ಲಿನಲ್ಲಿ ಬರೆಯಿಸಿದವರು ಹೂಳನ್ನು ತೆಗೆಯುವವರ ಹೊಟ್ಟೆಯನ್ನೂ ಅದೇ ಕಲ್ಲಿನಲ್ಲಿ ನೆನೆದರು. ತಂತ್ರಾಂಶವನ್ನು ಕಟ್ಟುವವರಿಗೆ ಈ ಯೋಚನೆ ಮೊದಲ ದಿನ ಬರುವುದು ಅಪರೂಪ.

ಹಣ ಕೊಟ್ಟರೆ ಆಗದೆ ಎಂದು ಕೇಳುವರು. ೨೦೧೪ರ ಏಪ್ರಿಲಿನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಿಗೆ ಬಂದಿತು. ಅಂತರಜಾಲದಲ್ಲಿ ಗುಟ್ಟಿನ ಮಾತುಗಳನ್ನು ಕಾಪಾಡುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ ಎರಡು ವರ್ಷ ಅದು ಯಾರ ಕಣ್ಣಿಗೂ ಬೀಳದೆ ಕುಳಿತಿತ್ತು. ಲೋಕದ ವ್ಯಾಪಾರವೆಲ್ಲ ಆತುಕೊಂಡಿದ್ದ ಆ ವಸ್ತುವಿಗೆ ವರ್ಷಕ್ಕೆ ಬರುತ್ತಿದ್ದ ದಾನ ಸುಮಾರು ೨೦೦೦ ಡಾಲರು. ಪೂರ್ಣಕಾಲ ದುಡಿಯುತ್ತಿದ್ದವನು ಒಬ್ಬ. ಆಮೇಲೆ ದೊಡ್ಡ ಕಂಪೆನಿಗಳು ಲಿನಕ್ಸ್ ಫೌಂಡೇಶನ್ನಿನ ಮೂಲಕ ಹಣ ಕೂಡಿಸಿದುವು, ಕೆಲಸಗಾರರು ಹೆಚ್ಚಿದರು, ಒಬ್ಬರು ಬರೆದುದನ್ನು ಇನ್ನೊಬ್ಬರು ಓದದೆ ಸೇರಿಸಕೂಡದೆಂಬ ನಿಯಮ ಬಂದಿತು. ಹಣದಿಂದ ಉಪಯೋಗವಿಲ್ಲವೆಂದು ನಾನು ಹೇಳಲಾರೆ. ಹಣವು ದಣಿದವನಿಗೆ ಹಗಲನ್ನು ಕೊಡುತ್ತದೆ. ಆದರೆ ಎರಡನೆಯ ಜೊತೆ ಕಣ್ಣನ್ನು ಅದು ತಾನಾಗಿ ತರುವುದಿಲ್ಲ. ಅದಕ್ಕೆ ಆ ನಿಯಮವೂ, ನಿಯಮಕ್ಕೆ ತಲೆಬಾಗುವ ಮನಸ್ಸೂ ಬೇಕಾಯಿತು.

ಆ ಮನಸ್ಸನ್ನು ಒಂದು ಸಂಸ್ಥೆಯಾಗಿ ಬೆಳೆಸಿದವರಲ್ಲಿ ಡೆಬಿಯನ್ ಕೂಟದವರನ್ನು ಹೆಸರಿಸಬೇಕು. ೧೯೯೩ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಈ ಕೂಟದಲ್ಲಿ ಸುಮಾರು ೧೦೦೦ ಮಂದಿ ಸ್ವಯಂಸೇವಕ ಸದಸ್ಯರು ಹತ್ತಾರು ಸಾವಿರ ತಂತ್ರಾಂಶಗಳನ್ನು ಕಟ್ಟುಮಾಡಿ ಹಂಚುತ್ತಾರೆ. ೧೯೯೮ರಿಂದ ಅವರಿಗೊಂದು ಸಂವಿಧಾನವಿದೆ; ವರ್ಷಕ್ಕೊಮ್ಮೆ ನಾಯಕನನ್ನು ಮತದಿಂದ ಆರಿಸುತ್ತಾರೆ. ನನಗೆ ಮೆಚ್ಚಿಕೆಯಾದುದು ಅವರ ಸಂವಿಧಾನಕ್ಕಿಂತ ಅವರ ಮಾತುಗಳು. ಪಾಲಕನು ಬಿಟ್ಟ ತಂತ್ರಾಂಶವನ್ನು ಅವರು ‘ಅನಾಥ’ವೆನ್ನುತ್ತಾರೆ, ಇನ್ನೊಬ್ಬನು ವಹಿಸಿಕೊಂಡರೆ ಅದು ‘ದತ್ತು’. ಬಿಡುವ ಮೊದಲೇ ‘ಇದನ್ನು ದತ್ತು ತೆಗೆದುಕೊಳ್ಳುವವರಿದ್ದೀರಾ’ ಎಂದು ಕೇಳುವುದಕ್ಕೆ ಒಂದು ಕ್ರಮವಿದೆ. ಬಿಡುವುದಿಲ್ಲ, ಸಹಾಯ ಮಾತ್ರ ಬೇಕು ಎನ್ನುವುದಕ್ಕೆ ಬೇರೆ ಕ್ರಮವಿದೆ. ಬಹುಕಾಲ ಕಾಣದ ಪಾಲಕನನ್ನು ಹುಡುಕಿ, ಎಲ್ಲಿದ್ದೀರಿ, ಇನ್ನೂ ನೋಡಿಕೊಳ್ಳಬಲ್ಲಿರಾ ಎಂದು ವಿಚಾರಿಸುವುದಕ್ಕೇ ಕೆಲವರಿದ್ದಾರೆ. ಪಾಲಕನಿಗೆ ಬಿಡುವಿಲ್ಲದಾಗ, ಅವನಿಗೆ ತಿಳಿಸಿ, ಬೇರೆ ಸದಸ್ಯನು ತುರ್ತಾದ ತಪ್ಪನ್ನು ತಿದ್ದಿ ಹೊರಡಿಸಬಹುದು. ಅದನ್ನು ಅವಮಾನವೆಂದು ಎಣಿಸಕೂಡದು. ಹೊಸ ಸದಸ್ಯನನ್ನು ಸೇರಿಸಿಕೊಳ್ಳುವ ಮೊದಲು ಹಳಬರು ಅವನ ಗುರುತನ್ನು ದೃಢಪಡಿಸಿ ಅವನ ಗುಪ್ತಸಂಕೇತಕ್ಕೆ ರುಜು ಹಾಕುವ ಸಂಪ್ರದಾಯವೂ ಉಂಟು.

ಇವೆಲ್ಲ ಸಣ್ಣ ಏರ್ಪಾಡುಗಳು. ಆದರೆ ‘ನನ್ನಿಂದ ಇನ್ನು ಆಗದು’ ಎಂಬ ಮಾತನ್ನು ನಾಚಿಕೆಯಿಲ್ಲದೆ ಆಡುವುದಕ್ಕೆ ಒಂದು ಸ್ಥಳವನ್ನು ಇವು ಕಲ್ಪಿಸಿವೆ. ನಮ್ಮ ಸಾಹಿತ್ಯ ಸಂಘಗಳಲ್ಲಿ ಎಷ್ಟು ಕಾರ್ಯದರ್ಶಿಗಳು ಆ ಮಾತನ್ನಾಡಲು ಸ್ಥಳವಿಲ್ಲದೆಯೇ ಸಂಘವನ್ನೂ ತಮ್ಮನ್ನೂ ಒಟ್ಟಿಗೆ ಬಡಕಲಾಗಿಸಿದ್ದಾರೆಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಏಳುವುದು ಹೇಗೆಂಬುದಕ್ಕೆ ಪೈಥಾನ್ ಎಂಬ ಗಣಕಭಾಷೆಯ ಕರ್ತೃ ಗ್ವೀಡೋ ವಾನ್ ರಾಸಮ್ ಒಂದು ನಿದರ್ಶನ. ಆ ಭಾಷೆಯ ವಿಷಯದಲ್ಲಿ ಅವನದೇ ಕೊನೆಯ ಮಾತಾಗಿತ್ತು. ‘ಯಾವಜ್ಜೀವ ಉದಾರ ಸರ್ವಾಧಿಕಾರಿ’ ಎಂದು ಪರಿಹಾಸದ ಬಿರುದೂ ಇತ್ತು. ೨೦೧೮ರಲ್ಲಿ ಭಾಷೆಗೆ ಒಂದು ಚಿಕ್ಕ ಚಿಹ್ನೆಯನ್ನು ಸೇರಿಸುವ ವಿಷಯದಲ್ಲಿ ಕಹಿಯಾದ ವಾದ ನಡೆದು, ಅದು ಮುಗಿದ ಮೇಲೆ, ಜುಲೈ ೧೨ರಂದು, ಅವನು ಅಧಿಕಾರವನ್ನು ಬಿಟ್ಟನು. ಉತ್ತರಾಧಿಕಾರಿಯನ್ನು ನೇಮಿಸಲಿಲ್ಲ, ಹೇಗೆ ಆಳಿಕೊಳ್ಳಬೇಕೆಂಬುದನ್ನು ನೀವೇ ನಿಶ್ಚಯಿಸಿಕೊಳ್ಳಿ ಎಂದನು. ಕೆಲವು ತಿಂಗಳ ಚರ್ಚೆಯ ಬಳಿಕ ಐವರ ಮಂಡಲಿಯೊಂದನ್ನು ಚುನಾಯಿಸಲು ಅವರು ನಿಶ್ಚಯಿಸಿದರು. ಒಂದೇ ಯಜಮಾನನ ಕೆಲಸಗಾರರು ಇಬ್ಬರಿಗಿಂತ ಹೆಚ್ಚಾಗಿ ಅದರಲ್ಲಿ ಇರಕೂಡದು. ೨೦೧೯ರ ಮೊದಲ ಮಂಡಲಿಗೆ ಅವನೂ ಐವರಲ್ಲಿ ಒಬ್ಬನಾಗಿ ಚುನಾಯಿತನಾಗಿ, ಮರುಸಲ ಅಭ್ಯರ್ಥಿಯಾಗದೆ ಹಿಂದೆ ಸರಿದನು. ಅವನೂ ದಣಿದೇ ಎದ್ದವನು, ಮುಂಚಿತವಾಗಿ ಯೋಚಿಸಿ ಎದ್ದವನಲ್ಲ. ಆದರೆ ಅವನ ಸುತ್ತ ಕೆಲಸ ಬಲ್ಲವರು ಹಲವರು ಅದಾಗಲೇ ಬೆಳೆದಿದ್ದುದರಿಂದ ಬಾಗಿಲು ತೆರೆದು ಬೀಳಲಿಲ್ಲ. ಫಿನ್ಲೆಂಡಿನವನಿಗೂ ಇವನಿಗೂ ಇದ್ದ ಅಂತರ ಗುಣದ್ದಲ್ಲ, ಜೊತೆಗಿದ್ದವರದು.

ಇಲ್ಲಿ ನನಗೊಂದು ಸಂಶಯ ಉಳಿದಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಈ ಮುಕ್ತ ಕೆಲಸದ ಹಿರಿಮೆಯೇ ಅಪರಿಚಿತನಿಗೂ ಬಾಗಿಲು ತೆರೆದಿರುವುದರಲ್ಲಿತ್ತು. ಹಳ್ಳಿಯ ಹುಡುಗನೊಬ್ಬ, ಯಾರ ಶಿಫಾರಸೂ ಇಲ್ಲದೆ, ಮುಖವನ್ನೂ ತೋರದೆ, ಕೆಲಸದ ಗುಣವೊಂದರಿಂದಲೇ ಸಮಾನನಾಗಬಹುದಾಗಿತ್ತು. ಗುರುತಿನ ಚೀಟಿ, ಮುಖಪರಿಚಯ, ರುಜು ಎಂದು ಹೊರಟರೆ ಕಳ್ಳನೂ ತಡೆಯಲ್ಪಡುತ್ತಾನೆ, ಆ ಹುಡುಗನೂ ತಡೆಯಲ್ಪಡುತ್ತಾನೆ. ಕಳ್ಳನಾದರೆ ಖೊಟ್ಟಿ ಚೀಟಿಯನ್ನು ತಂದಾನು. ಹುಡುಗನು ಹಿಂದಿರುಗಿ ಹೋದಾನು. ಮನುಷ್ಯನನ್ನು ಪರೀಕ್ಷಿಸುವುದಕ್ಕಿಂತ ಕೆಲಸವನ್ನು ಇಬ್ಬರು ಪರೀಕ್ಷಿಸುವುದು ಮೇಲೆಂದು ನನ್ನ ಒಲವು. ಹಾಗೆ ಮಾಡಿದರೆ ಸಂಶಯ ಯಾರೊಬ್ಬರ ಮೇಲೂ ಬೀಳುವುದಿಲ್ಲ. ಕರ್ತೃವಿನ ಬರಹವನ್ನೂ ಹೊಸಬನ ಬರಹದಂತೆಯೇ ಓದುತ್ತಾರೆ. ಆದರೆ ಅದಕ್ಕೆ ಓದುವವರು ಬೇಕು. ಸುತ್ತಿ ಸುತ್ತಿ ಮಾತು ಅಲ್ಲಿಗೇ ಬರುತ್ತದೆ.

ಓದುವವರು ಎಲ್ಲಿಂದ ಬರಬೇಕು? ಬಳಸುವವರಿಂದಲೇ ಬರಬೇಕು. ಋಷಿಋಣವನ್ನು ಋಷಿಗೆ ತೀರಿಸುವುದು ನಮ್ಮಲ್ಲಿ ಪದ್ಧತಿಯಲ್ಲ. ಅಧ್ಯಯನಮಾಡಿ ಮುಂದಿನವರಿಗೆ ಹೇಳುವುದರಿಂದ ಅದು ತೀರುತ್ತದೆ. ಈ ಪಾಲಕರಿಗೆ ನಾವು ವಂದನೆಗಳನ್ನು ಬರೆದು ಕಳುಹಿಸಿದರೆ ಒಳ್ಳೆಯದೆ. ಆದರೆ ನಮ್ಮ ಊರುಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ, ಬೆಂಗಳೂರಿನ ಕಂಪೆನಿಗಳಲ್ಲಿ ಈ ತಂತ್ರಾಂಶಗಳ ಮೇಲೆಯೇ ಜೀವನ ಕಟ್ಟಿಕೊಂಡ ಸಾವಿರಾರು ತರುಣರಿದ್ದಾರೆ. ಅವರಲ್ಲಿ ಒಬ್ಬೊಬ್ಬರು ವಾರಕ್ಕೆ ಒಂದು ಸಂಜೆ, ತಾವು ನೆಚ್ಚಿದ ಒಂದು ತಂತ್ರಾಂಶಕ್ಕೆ ಬಂದ ಒಂದು ತಿದ್ದುಪಡಿಯನ್ನು ಸಾವಧಾನವಾಗಿ ಓದಿ, ಕಂಡುದನ್ನು ಮರ್ಯಾದೆಯ ಮಾತಿನಲ್ಲಿ ಬರೆದು ತಿಳಿಸಿದರೆ, ಅದಕ್ಕೆ ಯಾವ ಬೀಗದಕೈಯೂ ಬೇಕಾಗಿಲ್ಲ, ಯಾರ ಅಪ್ಪಣೆಯೂ ಬೇಕಾಗಿಲ್ಲ.

ಎಕ್ಸ್‌ಝಡ್‌ನ ಹಳೆಯ ಪಾಲಕನ ವಿಷಯ ಒಂದು ಉಳಿಯಿತು. ಸಂಗತಿ ಬಯಲಾದಾಗ ಅವನು ಅಂತರಜಾಲದಿಂದ ದೂರವಿದ್ದು ವಿಶ್ರಾಂತಿಯಲ್ಲಿದ್ದನು. ಬಂದು ನೋಡಿದಾಗ ಮನೆಯೊಳಗೆ ಕಳ್ಳನಿದ್ದು ಹೋಗಿದ್ದನು. ಆ ಹೊತ್ತಿನಲ್ಲಿ ಅವನು ಎದ್ದು ಹೋಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವನು ಹೋಗಲಿಲ್ಲ. ಸಹಪಾಲಕನ ಕಾಲದಲ್ಲಿ ಸೇರಿದ ತಿದ್ದುಪಡಿಗಳನ್ನೆಲ್ಲ ಮತ್ತೆ ಪರಿಶೀಲಿಸಿ, ಕಳ್ಳಬಾಗಿಲನ್ನು ಕಿತ್ತುಹಾಕಿ, ಮೇ ೨೯ರಂದು ೫.೬.೨ನೆಯ ಆವೃತ್ತಿಯನ್ನು ಹೊರಡಿಸಿದನು.